ಗೌರಕ್ಕನಿಗೆ ಸೋತವರು

ಪ್ರತಿಭಾ ಆ ಮನವಿಪತ್ರವನ್ನು ಏಳು ಸಲ ತಿದ್ದಿ ಬರೆದಿದ್ದಳು. ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಮತ್ತೊಮ್ಮೆ ಓದತೊಡಗಿದಾಗ ಪಕ್ಕದಲ್ಲಿದ್ದ ಉಲ್ಲಾಸ ಕೈಚಾಚಿ ಕಾಗದವನ್ನು ಮೆಲ್ಲಗೆ ಮಡಚಿಬಿಟ್ಟ.

"ಮೇಡಮ್, ಇನ್ನೂ ಓದಿದ್ರೆ ಅಕ್ಷರ ಸವೆದು ಹೋಗ್ತದೆ. ಪ್ರಿಂಟ್ ಮಾಡಿದವ ನಾನು, ಶಾಯಿ ಎಷ್ಟು ತಡೀತದೆ ಅಂತ ನಂಗೊತ್ತು."

ಉಲ್ಲಾಸನದು ಶಿರಸಿಯಲ್ಲಿ ಚಿಕ್ಕ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ತಾಳಮದ್ದಲೆಯ ಕರಪತ್ರ, ಬಿಲ್ ಪುಸ್ತಕ ಎಲ್ಲವನ್ನೂ ಮಾಡುತ್ತಿದ್ದ. ಪ್ರತಿಭಾ ಅದೇ ಊರಿನ ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಹುಟ್ಟಿ ಬೆಳೆದದ್ದು ಬನವಾಸಿ ಕಡೆ. ಅವರ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದವನು ಸಿದ್ದಾಪುರ ತಾಲೂಕಿನ ರೈತ ಕೆರಿಯಪ್ಪ. ವಯಸ್ಸು ಅರವತ್ತೆರಡು, ಮಾತು ಬಹಳ ಕಡಿಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿ ಪೋಕರ್ ಆಡುವವರು ಮೂವತ್ತು ಜನ ಇದ್ದಿರಬಹುದು. ಕೆರಿಯಪ್ಪನನ್ನು ಸೋಲಿಸಿದ್ದೇನೆ ಎಂದು ಎದೆ ತಟ್ಟಿ ಹೇಳಬಲ್ಲವರು ಆ ಮೂವತ್ತರಲ್ಲಿ ಇಬ್ಬರೋ ಮೂವರೋ.

ಈ ಮೂವತ್ತು ಜನಕ್ಕೆ ಹಳೆ ಬಸ್ ನಿಲ್ದಾಣದ ಹಿಂದೆ ಒಂದು ಮಹಡಿ ಕೋಣೆ ಇತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇರುವುದು, ಪ್ರವೇಶ ಶುಲ್ಕ ಕೊಟ್ಟು ಆಡುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಗೆದ್ದವನಿಗೆ ಬಹುಮಾನ ಕೊಟ್ಟು ಏಳುವುದು. ಕುಡಿತವಿಲ್ಲ, ಬೀಡಿಯಿಲ್ಲ. ಆದರೂ ಕಳೆದ ವರ್ಷ ಪೊಲೀಸರು ಬಂದು ಎಲ್ಲರ ಹೆಸರು ಬರೆದುಕೊಂಡು ಹೋಗಿದ್ದರು. ಈಗ ಇನ್ನೂ ದೊಡ್ಡ ಭಯ ಬಂದಿತ್ತು. ಮುಂದಿನ ಅಧಿವೇಶನಕ್ಕೆ ಬರಲಿದ್ದ ಮಸೂದೆಯ ಪ್ರಕಾರ, ಹಣ ಕೊಟ್ಟು ಆಡುವ ಯಾವುದೇ ಇಸ್ಪೀಟಾಟ ಜೂಜು, ಕೂತವರೆಲ್ಲ ಆರೋಪಿಗಳು. ಕಾಲೇಜಿನ ಪ್ರಾಂಶುಪಾಲರು ಪ್ರತಿಭಾಳನ್ನು ಕರೆದು, ಕುರ್ಚಿ ತೋರಿಸಿ, ನಿಧಾನವಾಗಿ ಹೇಳಿದ್ದರು: "ನೀವು ಒಳ್ಳೆ ಟೀಚರು. ಆದರೆ ಕೇಸು ಬಿದ್ದ ದಿನ ನಿಮ್ಮ ನೌಕರಿ ಉಳಿಸೋದು ನನ್ನ ಕೈಲಿ ಇರೋದಿಲ್ಲ."

ಉಳಿದಿದ್ದ ದಾರಿ ಒಂದೇ. ಮಸೂದೆಯನ್ನು ಪರಿಶೀಲಿಸುವ ಸಮಿತಿಯಲ್ಲಿ ವಿಧಾನ ಪರಿಷತ್ತಿನ ಸದಸ್ಯೆ ಗೌರಕ್ಕ ಇದ್ದರು. ಅವರು ಮನಸ್ಸು ಮಾಡಿದರೆ 'ಪೋಕರಿನಂಥ ಕೌಶಲದ ಆಟಗಳಿಗೆ ಇದು ಅನ್ವಯಿಸುವುದಿಲ್ಲ' ಎಂಬ ಒಂದು ಸಾಲು ಒಳಗೆ ಸೇರಬಹುದಿತ್ತು. ಆ ಒಂದು ಸಾಲಿಗಾಗಿ ಮೂವರೂ ಹೊರಟಿದ್ದರು.

ಪ್ರತಿಭಾಳಿಗೆ ನೌಕರಿಯ ಚಿಂತೆ ಇತ್ತು, ನಿಜ. ಆಟ ಬಿಟ್ಟರೆ ಅದು ಉಳಿಯುತ್ತಿತ್ತು ಎಂಬುದೂ ನಿಜ. ಆದರೆ ಬಿಡಲು ಅವಳು ತಯಾರಿರಲಿಲ್ಲ. ತವರಿನಲ್ಲಿ ದೀಪಾವಳಿ ಪಾಡ್ಯದ ದಿನ ಗಂಡಸರೆಲ್ಲ ಜಮಖಾನದ ಮೇಲೆ ಇಸ್ಪೀಟಿಗೆ ಕೂರುತ್ತಿದ್ದರು. ಚಹಾದ ತಟ್ಟೆ ಹಿಡಿದು ಹಿಂದೆ ನಿಂತ ಹುಡುಗಿ ಯಾವ ಎಲೆ ಬಿತ್ತು, ಯಾವುದು ಉಳಿಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದಳು. "ನಾನೂ ಕೂಡ್ಲೇನಪ್ಪಾ?" ಎಂದರೆ ಅಪ್ಪ ಕೆನ್ನೆ ತಟ್ಟಿ, "ಬ್ಯಾಡವಾ, ಸೋತ್ರ ಅಳ್ತಿ," ಎನ್ನುತ್ತಿದ್ದ. ಮೂವತ್ತೇಳನೆಯ ವಯಸ್ಸಿನಲ್ಲಿ ಆ ಮಹಡಿ ಕೋಣೆಯ ಬಾಗಿಲಲ್ಲಿ ಅನುಮಾನಿಸುತ್ತ ನಿಂತಾಗ, ಏನೂ ಕೇಳದೆ ಎದ್ದು ಕುರ್ಚಿ ಎಳೆದು ಕೊಟ್ಟವನು ಕೆರಿಯಪ್ಪ.

*

ಗೌರಕ್ಕ ಚಂದಗುಳಿಯ ಗಣಪತಿಗೆ ಹರಕೆಯ ಗಂಟೆ ಕಟ್ಟಲು ಬಂದವರು ಯಲ್ಲಾಪುರದಲ್ಲಿ ತಂಗಿಯ ಮನೆಯಲ್ಲಿ ಉಳಿದಿದ್ದರು. ಹೆದ್ದಾರಿಗೆ ಹತ್ತಿಕೊಂಡ ಮನೆ. ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ಜುಂ ಎನ್ನುತ್ತಿತ್ತು. ಆಪ್ತ ಕಾರ್ಯದರ್ಶಿ, ಕಾಯುವ ಬೆಂಚು, ಚೀಟಿ ಇವನ್ನೆಲ್ಲ ನೆನೆದು ಬಂದಿದ್ದ ಪ್ರತಿಭಾಳಿಗೆ ಬಾಗಿಲು ತೆರೆದವರು ಸ್ವತಃ ಗೌರಕ್ಕನೇ. ಎಪ್ಪತ್ತೊಂದರ ಹೆಂಗಸು, ಹಣೆಯ ಮೇಲೆ ಇನ್ನೂ ಹಸಿ ಗಂಧ.

"ಬಿಸಿಲಲ್ಲಿ ಬಂದಿದ್ರಿ. ಕೆಲಸದ ಮಾತು ಆಮೇಲೆ. ಮೊದಲು ಬೆಲ್ಲ ಬಾಯಿಗೆ ಹಾಕ್ಕೊಂಡು ನೀರು ಕುಡೀರಿ."

ಎಲ್ಲರಿಗಿಂತ ಹಿಂದೆ ನಿಂತಿದ್ದ ಕೆರಿಯಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಗೌರಕ್ಕ ಕಣ್ಣು ಕಿರಿದು ಮಾಡಿ ನೋಡಿದರು.

"ನೀನು ಕೆರಿಯ ಅಲ್ವನೋ? ಮಂಜಿ ಹೆಂಗಿದ್ದಾಳೆ?"

"ಆರಾಮಿದ್ದಾಳೆ ಅಮ್ಮ. ಅವತ್ತು ಹುಟ್ಟಿದ ಹುಡುಗಿಗೀಗ ಎರಡು ಮಕ್ಕಳು."

ಪ್ರತಿಭಾ, ಉಲ್ಲಾಸ ಮುಖ ಮುಖ ನೋಡಿಕೊಂಡರು. ಈ ಮನುಷ್ಯ ಬಸ್ಸಿನಲ್ಲಿ ಒಂದು ಮಾತೂ ಹೇಳಿರಲಿಲ್ಲ. ವಿಷಯ ಹೇಳಿದವರು ಗೌರಕ್ಕನೇ. ನಲವತ್ತು ವರ್ಷದ ಹಿಂದೆ, ಅವರು ಸಿದ್ದಾಪುರದ ತವರಿನಲ್ಲಿದ್ದಾಗ, ಕೆರಿಯಪ್ಪನ ಹೆಂಡತಿ ಮಂಜಿಗೆ ಹೆರಿಗೆ ಕಷ್ಟವಾಗಿತ್ತು. ಅಪ್ಪನ ಜೀಪಿನಲ್ಲಿ ಹಾಕಿಕೊಂಡು ಶಿರಸಿ ಆಸ್ಪತ್ರೆಗೆ ಹೋಗಿದ್ದರು. "ಅವಳ ತಲೆ ನನ್ನ ತೊಡೆ ಮೇಲೆ. ದಾರಿ ಉದ್ದಕ್ಕೂ ನನ್ನ ಬೈದಿದ್ದೇ ಬೈದಿದ್ದು," ಎಂದು ಗೌರಕ್ಕ ನಕ್ಕರು. ಕೆರಿಯಪ್ಪ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದ.

ಹಳೆಯ ಪರಿಚಯ ಸಿಕ್ಕಿತಲ್ಲ, ಅರ್ಧ ಕೆಲಸ ಆದಂತೆಯೇ ಎಂದು ಪ್ರತಿಭಾ ಒಳಗೊಳಗೇ ಹಿಗ್ಗಿದಳು.

ಗೌರಕ್ಕ ಮನವಿಯನ್ನು ಓದಿದ ರೀತಿ ಕಂಡು ಅವಳಿಗೆ ಇನ್ನೂ ಧೈರ್ಯ ಬಂತು. ಇಂಥ ಕಾಗದ ಕೊಟ್ಟಾಗ ಬೇರೆಯವರೆಲ್ಲ ಮೇಲಿನ ಎರಡು ಸಾಲು ನೋಡಿ 'ನೋಡೋಣ' ಎಂದಿದ್ದರು. ಇವರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಕೊನೆಯ ಪುಟದ ರುಜುಗಳವರೆಗೂ ಓದಿದರು.

"ಚಲೋ ಬರದ್ದಿ ತಂಗಿ. ಆದರೆ ಇಲ್ಲಿ ಕೌಶಲ, ಕೌಶಲ ಅಂತ ಒಂಬತ್ತು ಕಡೆ ಇದ್ದು. ಇಸ್ಪೀಟು ಅಂದ್ರೆ ಎಲೆ ಬಂದಾಂಗೆ ಅಲ್ವಾ? ಬಂದ ಎಲೆಯಲ್ಲಿ ಕೌಶಲ ಎಂತದು?"

"ಎಲೆ ನಮ್ಮ ಕೈಯಾಗ ಇಲ್ರಿ ಗೌರಕ್ಕಾರ," ಪ್ರತಿಭಾ ಮುಂದೆ ಬಾಗಿ ಹೇಳಿದಳು. "ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಕಾಣೋ ಹಂಗ ಐದು ಎಲೆ, ಒಂದೊಂದೇ ತೆರೀತಾವ. ಎಲ್ಲ ಸೇರಿಸಿ ಯಾರದ್ದು ದೊಡ್ಡದೋ ಅವರು ಗೆದ್ದಂಗ. ಆದರ ಎಷ್ಟು ಒಡ್ಡಬೇಕು, ಯಾವಾಗ ಪ್ಯಾಕ್ ಅಂತ ಎಲೆ ಮುಚ್ಚಿ ಇಡಬೇಕು, ಎದುರಿಗಿದ್ದವರ ಕೈಯಾಗ ಏನೈತಿ... ಅದು ಪೂರಾ ತಲಿ ಕೆಲಸ ರೀ. ವರ್ಷಗಟ್ಟಲೆ ಕಲೀಬೇಕು."

"ಬಾಯಲ್ಲಿ ಹೇಳಿದ್ರೆ ನಂಗೆ ತಿಳಿಯೂದಿಲ್ಲ. ಆಡಿ ತೋರ್ಸಿ. ನಾನೂ ಕೂರ್ತೆ." ಅವರು ಒಳಗೆ ಮುಖ ಮಾಡಿ ಕೂಗಿದರು: "ತಂಗೀ, ಹುಣಸೆ ಬೀಜ ಇದ್ದನೇ?"

"ಇದ್ದು ಅಕ್ಕಾ, ಚೌಕಾಬಾರದ ಡಬ್ಬಿಲಿ. ತತ್ತೆ ತಡಿ!"

ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಹತ್ತು ಆಟ ಎಂದು ಮಾತಾಯಿತು. ಉಲ್ಲಾಸ ಚೀಲದಿಂದ ಹೊಸ ಕಟ್ಟು ತೆಗೆದ. ಎಲ್ಲರ ಮುಂದೆ ದುಡ್ಡಿನ ಬದಲು ಮೂವತ್ತು ಮೂವತ್ತು ಬೀಜ ಬಿತ್ತು. ಗೌರಕ್ಕನ ತಂಗಿ ಮುರುಗಲು ಪಾನಕದ ದೊಡ್ಡ ಚೊಂಬನ್ನು ಅಕ್ಕನ ಪಕ್ಕದಲ್ಲಿಟ್ಟು ಹೋದಳು.

ಹೊಸಬರು ಆಡುವಂತೆಯೇ ಗೌರಕ್ಕ ಆಡಿದರು. ಎಲೆಯನ್ನು ಎದೆಗೆ ಒತ್ತಿಕೊಂಡು, ಮತ್ತೆ ಮತ್ತೆ ತೆರೆದು ನೋಡಿ. ಮೊದಲ ಎರಡು ಆಟ ಹೇಗೋ ಹೋದವು. ಮೂರನೆಯದರಲ್ಲಿ ಪ್ರತಿಭಾಳ ಕೈಯಲ್ಲಿ ಜೋಡಿ ರಾಣಿ ಇತ್ತು. ನೆಲದ ಮೇಲೆ ಬರೀ ಸಣ್ಣ ಎಲೆ. ಗೌರಕ್ಕ ಹದಿನೈದು ಬೀಜವನ್ನು ಅಂಗೈಯಿಂದ ಮುಂದೆ ನೂಕಿ, "ಇಷ್ಟು ಇಟ್ರೆ ನೀನು ಹೆದರ್ತ್ಯಾ ತಂಗಿ?" ಎಂದು ಕೇಳಿದರು. ಆ ಮುಖದಲ್ಲಿದ್ದ ಹುಡುಗಾಟದ ಖುಷಿ ನೋಡಿ ಪ್ರತಿಭಾಳ ಮನಸ್ಸು ಕರಗಿತು. ನಮ್ಮ ಕಾಗದವನ್ನು ಬೆರಳಿಟ್ಟು ಓದಿದವರು. ಅವರ ಮನೆಯಲ್ಲಿ, ಅವರ ಪಾನಕ ಕುಡಿಯುತ್ತ, ಒಂದು ಆಟ ಬಿಟ್ಟುಕೊಟ್ಟರೆ ಏನಾಯಿತು? ಇನ್ನೂ ಏಳು ಆಟ ಇದೆ. ಅವಳು ರಾಣಿಯರನ್ನು ಮುಚ್ಚಿ ಇಟ್ಟು, "ಹೆದರಿದೆ ರೀ, ಪ್ಯಾಕ್," ಎಂದಳು.

ಗೌರಕ್ಕ ಚಪ್ಪಾಳೆ ತಟ್ಟಿದರು.

ಮುಂದೆ ಏನಾಯಿತೋ ಪ್ರತಿಭಾಳಿಗೆ ಸರಿಯಾಗಿ ತಿಳಿಯಲಿಲ್ಲ. ಗೌರಕ್ಕನ ಮುಂದಿನ ಬೀಜದ ಗುಡ್ಡೆ ಬೆಳೆಯುತ್ತಲೇ ಹೋಯಿತು. ಉಲ್ಲಾಸ ಏಳನೆಯ ಆಟಕ್ಕೆ ಖಾಲಿಯಾಗಿ, "ಗ್ರಹಚಾರ!" ಎಂದು ತಲೆ ಕೆರೆದುಕೊಂಡ. ಪ್ರತಿಭಾಳೂ ಆಮೇಲೆ ನಿಜವಾಗಿಯೇ ಒಂದು ದೊಡ್ಡ ಆಟ ಸೋತಳು. ಕೊನೆಯ ಆಟದಲ್ಲಿ ಕೆರಿಯಪ್ಪ ಕೊನೆಯವರೆಗೂ ನಿಂತಿದ್ದ. ಗೌರಕ್ಕ ಎರಡೂ ಕೈಯಿಂದ ಗುಡ್ಡೆಯನ್ನೆಲ್ಲ ಮುಂದೆ ತಳ್ಳಿದರು. ಕೆರಿಯಪ್ಪ ಬಹಳ ಹೊತ್ತು ಯೋಚಿಸಿದ. ನಂತರ ಎಲೆ ಮುಚ್ಚಿ ಇಟ್ಟು, "ಕೈ ಚಲೋ ಇಲ್ಲ ಅಮ್ಮ," ಎಂದ.

"ಜೋಡಿ ಒಂಬತ್ತು!" ಗೌರಕ್ಕ ತಮ್ಮ ಕೈಯ ಒಂಬತ್ತನ್ನು ನೆಲದ ಮೇಲಿನ ಒಂಬತ್ತಿನ ಪಕ್ಕ ಇಟ್ಟು ತೋರಿಸಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಂಡರು. ಹಾಗೆ ಹಾಕಿಕೊಂಡಾಗ ಮುಖ ಬೇರೆಯಾಗಿತ್ತು.

"ತಂಗಿ, ಬೇಜಾರು ಮಾಡ್ಕಳಡ. ನಿಮ್ಮ ಕಾಗದ ಓದಿದಾಗ ಹೌದೇನೋ ಅನ್ನಿಸಿತ್ತು. ಈಗ ನೋಡು, ನಾನು ಈ ಆಟ ಕಲಿತು ಒಂದು ತಾಸು ಆಗಲಿಲ್ಲ. ಮೂರು ತಾಲೂಕಿನ ಹುಲಿಗಳನ್ನ ಕೂರ್ಸಿ ಗೆದ್ದೆ. ವರ್ಷಗಟ್ಟಲೆ ಕಲ್ತವರು ನನ್ನಂಥ ಮುದುಕಿಗೆ ಸೋಲ್ತ್ರಿ ಅಂದ್ರೆ ಕೌಶಲ ಎಲ್ಲಿದ್ದು? ಪೂರಾ ಅದೃಷ್ಟ. ಸಮಿತಿಯಲ್ಲಿ ನಾನು ಕಂಡದ್ದನ್ನೇ ಹೇಳ್ತೆ. ಆಡಿ ನೋಡಿದ್ದೇನೆ, ಜೂಜೇ ಹೌದು ಅಂತ."

ಪ್ರತಿಭಾಳಿಗೆ ಕಿವಿಯಲ್ಲಿ ಗುಂಯ್ ಎಂದಿತು. ಹೊರಗೆ ಹೋದ ಲಾರಿಯ ಸದ್ದೋ ತನ್ನ ತಲೆಯೊಳಗಿನದೋ ತಿಳಿಯಲಿಲ್ಲ. ಸಹಾಯ ಕೇಳಲು ಬಂದು, ಸಮಿತಿಗೆ ತಮ್ಮ ವಿರುದ್ಧವೇ ಸಾಕ್ಷಿ ತಯಾರು ಮಾಡಿ ಕೊಟ್ಟಿದ್ದರು. ಏನಾದರೂ ಹೇಳಬೇಕು. ಕೈಗೆ ಏನಾದರೂ ಕೆಲಸ ಬೇಕೆಂದು ಎಲೆಗಳನ್ನು ಒಟ್ಟು ಮಾಡತೊಡಗಿದಳು. ಕೆರಿಯಪ್ಪ ಮುಚ್ಚಿಟ್ಟಿದ್ದ ಎರಡು ಎಲೆ ಅವಳ ಕೈಯಲ್ಲಿ ಮಗುಚಿತು.

ಎಕ್ಕ. ಇನ್ನೊಂದೂ ಎಕ್ಕ.

ನೆಲದ ಮೇಲೆ ಇದ್ದದ್ದು ಎಕ್ಕ, ರಾಣಿ, ಒಂಬತ್ತು, ಏಳು, ನಾಲ್ಕು, ಬಣ್ಣವೂ ಚೆಲ್ಲಾಪಿಲ್ಲಿ. ಮೂರು ಎಕ್ಕವನ್ನು ಮೀರಿಸುವ ಎಲೆ ಆ ಆಟದಲ್ಲಿ ಯಾರ ಕೈಯಲ್ಲೂ ಇರಲು ಸಾಧ್ಯವೇ ಇರಲಿಲ್ಲ. ಪೋಕರ್ ಆಡುವವನು ನಿದ್ದೆಗಣ್ಣಿನಲ್ಲೂ ಅದನ್ನು ಕೆಳಗಿಡಲಾರ. ಅವಳು ಕೆರಿಯಪ್ಪನನ್ನು ನೋಡಿದಳು. ಅವನು ಚೊಂಬನ್ನು ನೋಡುತ್ತಿದ್ದ.

"ಕೆರಿಯಪ್ಪಾ, ಇದನ್ನ ಯಾಕ ಇಟ್ಟಿ?"

ಉತ್ತರ ಉಲ್ಲಾಸನ ಕಡೆಯಿಂದ ಬಂತು, ಬಹಳ ಸಣ್ಣ ದನಿಯಲ್ಲಿ. "ಮೇಡಮ್... ನಾನೂ ಎರಡು ಆಟ ಬಿಟ್ಟೆ. ಹಿರಿಯರ ಮನೆಗೆ ಬಂದು ಅವರನ್ನೇ ಸೋಲ್ಸೂದು ಹೆಂಗೆ? ನೀವಿಬ್ರು ಇದ್ರಲ್ಲ, ನಾನೊಬ್ಬ ಬಿಟ್ರೆ ಏನಾತು ಅಂತ..."

ನೀವಿಬ್ಬರು ಇದ್ದಿರಲ್ಲ. ಪ್ರತಿಭಾ ಕಣ್ಣು ಮುಚ್ಚಿದಳು. ಹದಿನೆಂಟು ವರ್ಷದಿಂದ ಮಕ್ಕಳಿಗೆ ಸಂಭವನೀಯತೆ ಕಲಿಸುವವಳು ತಾನು. ಮೂರು ಜನ ಒಂದೊಂದು ಕಡೆಯಿಂದ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರೆ ಒಟ್ಟು ಎಷ್ಟಾಗುತ್ತದೆ ಎಂದು ಯೋಚಿಸಲಿಲ್ಲ.

ಹೇಳಿದರೆ ಈ ಮುದುಕಮ್ಮನ ಖುಷಿ ಮಣ್ಣಾಗುತ್ತದೆ. ಹೇಳದಿದ್ದರೆ ಮೂವತ್ತು ಜನ ಮಣ್ಣಾಗುತ್ತಾರೆ.

"ಗೌರಕ್ಕಾರ, ನೀವು ಗೆದ್ದಿಲ್ರಿ," ಎಂದಳು. "ನಾವು ಗೆಲ್ಲಿಸೀವಿ. ಮೂವರೂ. ನಾನೂ ಜೋಡಿ ರಾಣಿ ಬಿಟ್ಟೆ."

ಗೌರಕ್ಕ ಎರಡು ಎಕ್ಕಗಳನ್ನು ಕೈಗೆ ತೆಗೆದುಕೊಂಡರು. ಅವರ ಮುಖದ ನಗು ಹೋದ ರೀತಿಯನ್ನು ಪ್ರತಿಭಾ ನೋಡಲಾರದೆ ನೋಡಿದಳು.

"ಕೆರಿಯಾ, ಹೌದನೋ?"

"ಹೌದು ಅಮ್ಮ."

"ನನ್ನ ಹತ್ರ ಬರೀ ಜೋಡಿ ಇರೂದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮ."

"ಹೆಂಗೆ?"

ಕೆರಿಯಪ್ಪ ಪ್ರತಿಭಾಳ ಕಡೆ ನೋಡಿದ. ಹೇಳು ಎಂದು ಅವಳು ತಲೆಯಾಡಿಸಿದಳು.

"ಕೈ ಭಾರಿ ಚಲೋ ಬಂದ್ರೆ ಅಮ್ಮ ಉಸಿರು ಹಿಡೀತಾರೆ. ಸುಮಾರಾಗಿದ್ರೆ ಮತ್ತೆ ಮತ್ತೆ ಎಲೆ ನೋಡ್ಕಳ್ತಾರೆ, ಮರ್ತೋಗ್ತದೆ ಅನ್ನೂವಂಗೆ." ಅವನು ತಡೆದ. "ಏನೂ ಇಲ್ದಿದ್ರೆ ನಮ್ಗೆ ಪಾನಕ ಹಾಕ್ತಾರೆ."

"ಎಂತಾ?"

"ಸುಳ್ಳು ಆಟ ಆಡೂವಾಗ ಅಮ್ಮಂಗೆ ನಮ್ಮ ಮೇಲೆ ಪಾಪ ಅನ್ನಿಸ್ತದೆ ಕಾಣ್ತದೆ. ಲೋಟ ತುಂಬಿದ್ರೂ ಹಾಕ್ತಾರೆ. ನಾಕನೇ ಆಟದಾಗೆ, ಆರರಾಗೆ, ಎಂಟರಾಗೆ. ಅಕ್ಕೋರು ಮೂರರಾಗೆ ಬಿಟ್ಟಿದ್ದೂ ಕಂಡೆ. ಉಲ್ಲಾಸಣ್ಣ ಎರಡಲ್ಲ, ಮೂರು ಆಟ ಬಿಟ್ಟಾನೆ."

ಉಲ್ಲಾಸ ತನ್ನ ಲೋಟ ನೋಡಿಕೊಂಡ. ಅದು ಅಂಚಿನವರೆಗೆ ತುಂಬಿತ್ತು.

ಪ್ರತಿಭಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂಬತ್ತು ಕಡೆ ಬರೆದು ತೋರಿಸಲಾಗದ ಮಾತನ್ನು ಈ ಮನುಷ್ಯ ನಾಲ್ಕು ವಾಕ್ಯದಲ್ಲಿ ತೋರಿಸಿಬಿಟ್ಟಿದ್ದ. "ನೋಡಿದ್ರ್ಯಾ ಗೌರಕ್ಕಾರ! ಇದೇ ರೀ ಕೌಶಲ ಅಂದ್ರ. ಬೇಕಂತ ಸೋಲಬೇಕಂದ್ರೂ ಎಲ್ಲ ಗೊತ್ತಿರಬೇಕು."

ಗೌರಕ್ಕ ನಗಲಿಲ್ಲ.

"ಕೆರಿಯಾ, ನನ್ನಂಥವಳು ನಿಮ್ಮ ಕೋಣೆಗೆ ಬಂದು ನಿನ್ನೆದುರಿಗೆ ಕೂತ್ರೆ ಎಂತಾಗ್ತದೆ?"

"ಸೋಲ್ತಾರೆ."

"ಪ್ರತಿ ಸಲ?"

"ಪ್ರತಿ ಸಲ ಇಲ್ಲ. ಸಂಜೆ ತನಕ ಕೂತ್ರೆ ಸೋಲ್ತಾರೆ ಅಮ್ಮ. ಸುಳ್ಳು ಹೇಳೂದಿಲ್ಲ."

ಸುಮ್ಮನಿರು ಎಂದು ಪ್ರತಿಭಾ ಮನಸ್ಸಿನಲ್ಲೇ ಕೂಗಿಕೊಂಡಳು. ತಡವಾಗಿತ್ತು.

"ಅದೃಷ್ಟ ಆಗಿದ್ರೆ ಎಲ್ಲರಿಗೂ ಒಂದೇ," ಗೌರಕ್ಕ ನಿಧಾನವಾಗಿ ಹೇಳಿದರು. "ಐದು ನಿಮಿಷದ ಹಿಂದೆ ಜೂಜು ಅಂದುಕೊಂಡು ನಿಲ್ಲಿಸೂದೇ ಸರಿ ಅಂತಿದ್ದೆ. ಈಗ ಕೌಶಲ ಅಂತ ಗೊತ್ತಾದ ಮೇಲೆ ಇನ್ನೂ ಹೆದರಿಕೆ ಆತು. ಗೊತ್ತಿಲ್ಲದವ ಪಾನಕ ಹಾಕ್ತಾ ಕೂತಿರ್ತಾ, ಗೊತ್ತಿದ್ದವ ಎಲ್ಲ ಕಾಣ್ತಾ ಇರ್ತಾ. ಇದನ್ನ ಉಳಿಸಿ ಅಂತ ಹೆಂಗೆ ಹೇಳಲಿ?"

ಮನವಿಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಪ್ರತಿಭಾ ಮಾತಾಡಿದಾಗ ಅದು ಏಳು ಸಲ ತಿದ್ದಿದ ಭಾಷೆಯಾಗಿರಲಿಲ್ಲ.

"ನಮ್ಮ ಅಪ್ಪ ನನಗ ಎಲಿ ಮುಟ್ಟಾಕ ಬಿಡಲಿಲ್ರಿ. ಸೋತು ಅಳ್ತೀನಿ ಅಂತ. ಪ್ರೀತಿಲೇ ಬಿಡಲಿಲ್ಲ. ನಾ ಆ ಕೋಣಿಗೆ ಹೋದ ಮೊದಲನೇ ದಿನ ಈ ಕೆರಿಯಪ್ಪ ನನಗ ಕುರ್ಚಿ ಕೊಟ್ಟ, ಆಮೇಲೆ ಮಧ್ಯಾಹ್ನದೊಳಗ ಪೂರಾ ಸೋಲಿಸಿದ. ಒಂದು ಎಲಿ ಬಿಡಲಿಲ್ಲ. ಮನೀಗೆ ಹೋಗಿ ಅತ್ತೆ, ಖರೇ. ಆದರ ಅಷ್ಟು ಮರ್ಯಾದಿ ನನಗ ಯಾರೂ ಕೊಟ್ಟಿರಲಿಲ್ಲ. ಇವತ್ತು ನಿಮಗ ನಾವು ಆ ಮರ್ಯಾದಿ ಕೊಡಲಿಲ್ಲ. ತಪ್ಪಾತ್ರಿ."

ಗೌರಕ್ಕ ಅವಳನ್ನೇ ನೋಡಿದರು. ಅಧಿಕಾರಿಗಳನ್ನು, ಮಂತ್ರಿಗಳನ್ನು ನೋಡುವಾಗಿನ ನೋಟ ಇದ್ದಿರಬೇಕು ಅದು. ಆಮೇಲೆ ಬೀಜದ ಗುಡ್ಡೆಯನ್ನು ಎರಡು ಪಾಲು ಮಾಡಿ ಒಂದನ್ನು ಕೆರಿಯಪ್ಪನ ಮುಂದೆ ದೂಡಿದರು.

"ಎಲೆ ಹಂಚು ತಂಗಿ. ಕೆರಿಯಾ, ಮಂಜಿ ಮೇಲೆ ಆಣೆ, ಸರಿಯಾಗಿ ಆಡು."

ಎಲೆಗಳು ಬಿದ್ದವು. ಗೌರಕ್ಕ ತುಟಿ ಬಿಗಿದುಕೊಂಡು, ಉಸಿರನ್ನು ಬೇಕೆಂದೇ ಜೋರಾಗಿ ಬಿಡುತ್ತ, ಎಲೆಯನ್ನು ಒಂದೇ ಸಲ ನೋಡಿ ಮುಚ್ಚಿಟ್ಟರು. ಕೊನೆಯ ಎಲೆ ತೆರೆದಾಗ ತಮ್ಮ ಬೀಜವನ್ನೆಲ್ಲ ಮುಂದೆ ತಳ್ಳಿದರು. ಕೆರಿಯಪ್ಪ ಯೋಚಿಸುತ್ತ ಕೂತ. ಅವನ ಬೆರಳು ಎಲೆಯನ್ನು ಮುಚ್ಚಿಡಲು ಮುಂದೆ ಸರಿಯುವುದನ್ನು ಪ್ರತಿಭಾ ಕಂಡಳು. ಅಷ್ಟರಲ್ಲಿ ಗೌರಕ್ಕನ ಕೈ ತನ್ನಷ್ಟಕ್ಕೇ ಚೊಂಬಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಅವರಿಗೇ ತಿಳಿದು, "ಅಯ್ಯೋ!" ಎಂದು ಕೈ ಎಳೆದುಕೊಂಡರು.

ಉಲ್ಲಾಸ ಮೊದಲು ನಕ್ಕ. ಆಮೇಲೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಂಗಿ ನಕ್ಕಳು. ಕೆರಿಯಪ್ಪ ನಗಲಿಲ್ಲ, ತನ್ನ ಬೀಜವನ್ನು ನಡುವೆ ತಳ್ಳಿ ಎಲೆ ತೆರೆದ. ಜೋಡಿ ಆರು. ಗೌರಕ್ಕನ ಕೈಯಲ್ಲಿ ಒಬ್ಬ ರಾಜ, ಒಂದು ಮೂರು, ಇನ್ನೇನೂ ಇಲ್ಲ.

"ಎಳಕೊ," ಎಂದರು ಗೌರಕ್ಕ. ದನಿ ಸ್ವಲ್ಪ ಒರಟಾಗಿತ್ತು. ನಿಜವಾಗಿ ಸೋತದ್ದು ಅವರಿಗೂ ಚುಚ್ಚಿತ್ತು.

ಅವರು ಮನವಿಯ ಕೊನೆಯ ಪುಟವನ್ನು ತೆಗೆದು ಪ್ರತಿಭಾಳ ಮುಂದಿಟ್ಟರು. "ನೀವು ಒಂದು ಸಾಲು ಕೇಳಿದ್ರಿ. ನಾನು ಹೇಳ್ತೆ, ಇದು ಕೌಶಲದ ಆಟ ಅಂತ. ನಾಲ್ಕು ಜನರೆದುರು ಸೋತವಳು ಹೇಳಿದ್ರೆ ಸಮಿತಿಯವರು ನಂಬ್ತ. ಅದರ ಕೆಳಗೆ ಇನ್ನೊಂದು ಸಾಲು ನಿಮ್ಮ ಕೈಯಿಂದಲೇ ಬರಬೇಕು. ಹೊಸದಾಗಿ ಬಂದವರಿಗೆ ಕಲಿಸ್ತೆವು, ಆದರೆ ಅವರು ಕಲಿಯೂವರೆಗೆ ಅವರ ದುಡ್ಡು ಮುಟ್ಟೂದಿಲ್ಲ ಅಂತ. ಬರೀತ್ಯಾ?"

"ಮೇಡಮ್," ಉಲ್ಲಾಸ ಅವಳ ಕಿವಿಯ ಹತ್ತಿರ ಬಾಗಿದ, "ಬರೆದ್ರೆ ಕೋಣೆ ಬಾಡಿಗೆ ಎಲ್ಲಿಂದ? ಎರಡು ವಾರ ಬಂದು ಬಿಟ್ಟು ಹೋಗ್ತಾರಲ್ಲ, ಅವರ ಶುಲ್ಕದಿಂದಲೇ ನಡೀತಿರೂದು."

ಪ್ರತಿಭಾ ಅವನ ಮುಖ ನೋಡಿದಳು. ನಾಲ್ಕು ವರ್ಷದಿಂದ ಹೋಗುತ್ತಿದ್ದ ಕೋಣೆ. ಎರಡು ವಾರ ಬಂದು, ಬೆಪ್ಪಾಗಿ ನಕ್ಕು, ಮತ್ತೆ ಬರದೆ ಹೋದ ಮುಖಗಳು ಒಂದೊಂದಾಗಿ ಎದ್ದು ಬಂದವು. ಅವರಿಗೂ ಕುರ್ಚಿ ಎಳೆದು ಕೊಟ್ಟಿದ್ದರು, ಚಹಾ ಕೊಟ್ಟಿದ್ದರು. ಅವರು ಯಾಕೆ ಮತ್ತೆ ಬರಲಿಲ್ಲ ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪೆನ್ನು ತೆಗೆದು, ರುಜುಗಳ ಮೇಲೆ ಉಳಿದಿದ್ದ ಸಣ್ಣ ಜಾಗದಲ್ಲಿ ಆ ಸಾಲನ್ನು ಬರೆದಳು. ಉಲ್ಲಾಸ ನಿಟ್ಟುಸಿರು ಬಿಟ್ಟು ಅದರ ಕೆಳಗೆ ರುಜು ಹಾಕಿದ.

ಗೌರಕ್ಕ ಸಮಿತಿಯ ಅಧಿಕಾರಿಗೆ ಫೋನ್ ಮಾಡಿ, ಶಿರಸಿ ಕಡೆಯಿಂದ ಮೂವರು ಬರುತ್ತಾರೆ, ಆಡಿ ತೋರಿಸುತ್ತಾರೆ, ದಿನ ಗೊತ್ತು ಮಾಡಿ ಎಂದು ಹೇಳಿದರು. ಫೋನ್ ಇಟ್ಟಾಗ ಕೆರಿಯಪ್ಪ ಎದ್ದು ನಿಂತಿದ್ದ.

"ಬೆಂಗಳೂರಿಗೆ ನಾನೂ ಬರ್ಬೇಕಾ ಅಮ್ಮ?"

"ನೀನಿಲ್ಲದೆ ಎಂತಾ ತೋರ್ಸೂದು?"

"ಅಲ್ಲಿ ಎಲ್ಲ ದೊಡ್ಡೋರು. ಮನೆತನಸ್ಥರು. ಚಹಾ ಎಲ್ಲ ಕೊಡ್ತಾರೆ." ಅವನು ಟವೆಲ್ಲಿನ ಅಂಚನ್ನು ತಿರುವಿದ. "ಅವರನ್ನೂ ಸೋಲಿಸ್ಬೇಕಾ?"

"ಒಬ್ಬರನ್ನೂ ಬಿಡಡ," ಎಂದರು ಗೌರಕ್ಕ.

ಕೆರಿಯಪ್ಪ ಕುರ್ಚಿಯ ಮೇಲೆ ಮೆಲ್ಲಗೆ ಕುಸಿದು ಕೂತ.